ಫ್ರಟರ್ನಿಟಿ, ಸೊರೊರಿಟಿಗಳ ಬಾಗಿಲು ಎಲ್ಲರಿಗೂ ತೆರೆಯಬೇಕಾದರೆ

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಹುಡುಗರ ಸಂಘಗಳಿಗೆ ಫ್ರಟರ್ನಿಟಿ ಎಂದೂ ಹುಡುಗಿಯರ ಸಂಘಗಳಿಗೆ ಸೊರೊರಿಟಿ ಎಂದೂ ಹೆಸರು. ಅಲ್ಲಿ ಓದುವ ಕನ್ನಡದ ಮಕ್ಕಳಲ್ಲಿ ಯಾರಾದರೂ ಇಂಥ ಸಂಘದ ಪದಾಧಿಕಾರಿಯಾಗಿ, ತಮ್ಮ ಚಾಪ್ಟರ್ (ಅಂದರೆ ಆ ಕಾಲೇಜಿನಲ್ಲಿರುವ ಸಂಘದ ಶಾಖೆ) ಎಲ್ಲ ಹಿನ್ನೆಲೆಯವರನ್ನೂ ಒಳಗೊಳ್ಳಬೇಕೆಂದು ಬಯಸಿದರೆ, ಅವರಿಗೆ ಈ ಬರಹ ಉಪಯೋಗವಾದೀತು.

ಮೊದಲು ಚರಿತ್ರೆಯನ್ನು ತಿಳಿದುಕೊಳ್ಳಿ. "ನಾವು ಯಾರನ್ನೂ ತಡೆದಿಲ್ಲ, ಅವರೇ ಬರುವುದಿಲ್ಲ" ಎಂಬ ಮಾತು ಸಭೆಯಲ್ಲಿ ಖಂಡಿತ ಬರುತ್ತದೆ. ಅದಕ್ಕೆ ಉತ್ತರ ನಿಮ್ಮ ಕೈಯಲ್ಲಿರಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಆಲ್ಫಾ ಫೈ ಆಲ್ಫಾ ಎಂಬ ತಮ್ಮದೇ ಫ್ರಟರ್ನಿಟಿಯನ್ನು ಕಟ್ಟಿಕೊಂಡದ್ದು ಬಿಳಿಯರ ಸಂಘಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಚಾಪ್ಟರ್ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡಾಗ, ರಾಷ್ಟ್ರೀಯ ಸಂಘಟನೆ ಆ ಚಾಪ್ಟರನ್ನೇ ಅಮಾನತು ಮಾಡಿತು. ಇದೆಲ್ಲ ಹಳೆಯ ಕಥೆ ಎನ್ನುವವರಿಗೆ 2013ರ ಅಲಬಾಮ ವಿಶ್ವವಿದ್ಯಾಲಯವನ್ನು ನೆನಪಿಸಿ: ಕಪ್ಪು ವಿದ್ಯಾರ್ಥಿನಿಯನ್ನು ಸೇರಿಸಿಕೊಳ್ಳಲು ಸೊರೊರಿಟಿಯ ಸದಸ್ಯೆಯರು ಒಪ್ಪಿದರೂ ಓದು ಮುಗಿಸಿ ಹೋದ ಹಳೆಯ ಸದಸ್ಯೆಯರು ಅಡ್ಡ ಬಂದರೆಂದು ಅಲ್ಲಿನ ವಿದ್ಯಾರ್ಥಿ ಪತ್ರಿಕೆ ವರದಿ ಮಾಡಿದ ಮೇಲೆಯೇ ವಿಶ್ವವಿದ್ಯಾಲಯ ಮಧ್ಯೆ ಪ್ರವೇಶಿಸಿತು.

ಕೆಲಸ ಶುರುವಾಗಬೇಕಾದದ್ದು ಹೊಸ ಸದಸ್ಯರ ಆಯ್ಕೆಯ ಸಭೆಯಲ್ಲಿ. ಪರದೆಯ ಮೇಲೆ ಒಬ್ಬ ಹುಡುಗಿಯ ಫೋಟೊ ಮೂಡುತ್ತದೆ, ಹೆಸರು ಓದುವವಳು ತಡವರಿಸುತ್ತಾಳೆ, ಯಾರೋ ನಗುತ್ತಾರೆ, ಹಿಂದಿನ ಸಾಲಿನಿಂದ "ಒಳ್ಳೆಯವಳೇ, ಆದರೆ ನಮಗೆ ಹೊಂದುವುದಿಲ್ಲ" ಎಂಬ ಮಾತು ಬರುತ್ತದೆ. ಅಲ್ಲಿಗೆ ಅವಳ ಕಥೆ ಮುಗಿಯುತ್ತದೆ. ಈ "ಹೊಂದುವುದಿಲ್ಲ" ಎಂಬ ಪದವನ್ನು ಕಾರಣ ಹೇಳದೆ ಬಳಸಕೂಡದೆಂದು ನಿಯಮ ಮಾಡಿ. ನಡತೆ, ಓದು, ಸೇವಾಕಾರ್ಯದ ಆಸಕ್ತಿ, ಹೀಗೆ ಯಾವುದನ್ನು ನೋಡುತ್ತೀರೆಂಬುದನ್ನು ಆಯ್ಕೆಗೆ ಮುಂಚೆಯೇ ಬರೆದಿಟ್ಟುಕೊಂಡು, ಪ್ರತಿಯೊಬ್ಬರಿಗೂ ಅದರಂತೆಯೇ ಅಂಕ ಕೊಡಿ. ಮತದಾನದ ಹೊತ್ತಿಗೆ ಫೋಟೊ ತೆಗೆದುಬಿಡಿ. ಹೆಸರಿನ ಉಚ್ಚಾರವನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಒಂದೇ ಮತದಿಂದ ಯಾರನ್ನಾದರೂ ತಳ್ಳಿಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಕೈಬಿಡಿಸಿ. ತಾಯಿ, ಅಜ್ಜಿ ಸದಸ್ಯರಾಗಿದ್ದರೆಂಬ ಕಾರಣಕ್ಕೆ ಕೊಡುವ ಲೆಗಸಿ ಆದ್ಯತೆಯೂ ಇದೇ ಜಾತಿಯದು. ಯಾರ ಅಜ್ಜಿಯನ್ನು ಆ ಕಾಲದಲ್ಲಿ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲವೋ ಅವಳ ಮೊಮ್ಮಗಳಿಗೆ ಆ ಲಾಭ ಎಲ್ಲಿಂದ ಬರಬೇಕು?

ಎರಡನೆಯದು ಹಣ. ಶುಲ್ಕ, ಉಡುಪು, ಪ್ರವಾಸ, ತಪ್ಪಿದರೆ ದಂಡ, ಎಲ್ಲವನ್ನೂ ಕೂಡಿಸಿ ಒಂದು ವರ್ಷದ ಮೊತ್ತವನ್ನು ಅರ್ಜಿದಾರರಿಗೆ ಮೊದಲೇ ಬರಹದಲ್ಲಿ ತಿಳಿಸಿ, ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ. ಕೇಳುವುದಕ್ಕೆ ಸಂಕೋಚಪಟ್ಟು ಸುಮ್ಮನೆ ಹಿಂದೆ ಸರಿಯುವವರು ಎಲ್ಲ ಕಡೆಯೂ ಇರುತ್ತಾರೆ.

ಬಾಗಿಲು ತೆರೆದೂ ಒಳಗೆ ಮಣೆ ಹಾಕದಿದ್ದರೆ ಅದು ಕಣ್ಣೊರೆಸುವ ತಂತ್ರವಷ್ಟೇ. ಸ್ವಾಗತದ ರಾತ್ರಿ ಮೇಜಿನ ಮೇಲಿರುವುದೆಲ್ಲ ಪೆಪ್ಪರೋನಿ ಪಿಜ್ಜಾ ಆಗಿದ್ದು, ಸಸ್ಯಾಹಾರಿಯೊಬ್ಬಳು ಖಾಲಿ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತರೆ ನಿಮ್ಮ ಭಾಷಣ ಅವಳ ಕಿವಿಗೆ ಬೀಳುವುದಿಲ್ಲ. ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧವಾದದ್ದು: ಇರುವ ಒಬ್ಬಳೇ ಭಾರತೀಯಳನ್ನು ಎಲ್ಲ ಫೋಟೊಗಳಲ್ಲೂ ಮುಂದಿನ ಸಾಲಿಗೆ ಎಳೆಯುವುದು, ವೈವಿಧ್ಯದ ಹೊಣೆಯನ್ನೆಲ್ಲ ಅವಳ ತಲೆಗೇ ಕಟ್ಟುವುದು. ಅವಳಿಗೆ ಖಜಾಂಚಿಯ ಕೆಲಸ ಇಷ್ಟವಿರಬಹುದು, ಕೇಳಿ ನೋಡಿ.

ದಕ್ಷಿಣ ಏಷ್ಯಾದ ವಿದ್ಯಾರ್ಥಿಗಳು ಕಟ್ಟಿದ ಸಂಘಗಳೂ ಇವೆ. ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ 1992ರಲ್ಲಿ ಶುರುವಾದ ಡೆಲ್ಟಾ ಫೈ ಬೀಟಾ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ 1998ರಲ್ಲಿ ಶುರುವಾದ ಕಪ್ಪಾ ಫೈ ಗ್ಯಾಮಾ ಅಂಥ ಸೊರೊರಿಟಿಗಳು. ಅವರೊಡನೆ ಕಾರ್ಯಕ್ರಮ ನಡೆಸುವುದಾದರೆ ಯೋಜನೆಯ ಮೊದಲ ದಿನವೇ ಕರೆಯಿರಿ, ಪೋಸ್ಟರ್ ಅಚ್ಚಾದ ಮೇಲೆ ಕರೆಯಬೇಡಿ.

ಟೆಕ್ಸಾಸ್ ಮತ್ತು ಅಲಬಾಮದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯದ ಕಚೇರಿಗಳನ್ನು (ಎಲ್ಲ ಹಿನ್ನೆಲೆಯವರನ್ನೂ ಒಳಗೊಳ್ಳುವುದಕ್ಕೆಂದು ಇದ್ದ ವಿಭಾಗಗಳನ್ನು) ನಿಷೇಧಿಸುವ ಕಾನೂನುಗಳು 2024ರಲ್ಲಿ ಜಾರಿಗೆ ಬಂದಿವೆ. ವಿದ್ಯಾರ್ಥಿ ಸಂಘಗಳ ಸ್ವಂತ ಚಟುವಟಿಕೆಗೆ ಅವುಗಳಲ್ಲಿ ವಿನಾಯಿತಿ ಇದ್ದರೂ, ವಿಶ್ವವಿದ್ಯಾಲಯದ ಹಣ ಬಳಸುವ ಮುನ್ನ ವಿದ್ಯಾರ್ಥಿ ವ್ಯವಹಾರಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ವರ್ಷದ ಕೊನೆಗೆ ಎಷ್ಟು ಮಂದಿ ಸೇರಿದರೆಂದು ಲೆಕ್ಕ ಹಾಕುವ ಜೊತೆಗೆ, ಎಷ್ಟು ಮಂದಿ ಬಿಟ್ಟುಹೋದರೆಂಬುದನ್ನೂ ಬರೆದಿಡಿ. ಹೋದವರಿಗೆ ಫೋನ್ ಮಾಡಿ ಕಾರಣ ಕೇಳಿ, ಅವರು ಹೇಳಿದ್ದನ್ನು ಮುಂದಿನ ಆಯ್ಕೆಯ ಸಭೆಗೆ ಮುಂಚೆ ಎಲ್ಲರೆದುರು ಓದಿ.