ಗುಡ್ಡೆಯ ತಳದ ನೇರಳೆ ಬ್ಲೌಸು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಒಂದು ಹೊಲಿಗೆ ಮಷೀನು, ಒಂದು ಓವರ್‌ಲಾಕ್, ಒಂದು ಕಟಿಂಗ್ ಟೇಬಲ್. ಟೇಬಲ್ ಇದೆ ಅಂತ ನನಗೆ ಮಾತ್ರ ಗೊತ್ತಿತ್ತು. ಬಂದವರಿಗೆ ಕಾಣುತ್ತಿದ್ದದ್ದು ಬಟ್ಟೆಯ ಗುಡ್ಡೆ. ಕತ್ತರಿಸುವ ಕೆಲಸ ಎಲ್ಲ ನೆಲದ ಮೇಲೆ.

2024ರ ದುಗ್ಗಮ್ಮನ ಜಾತ್ರೆ ಬಂತು. ನಮ್ಮೂರಲ್ಲಿ ಈ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹಾಗಾಗಿ ಹೊಲಿಗೆಯವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಎರಡು ತಿಂಗಳ ಮೊದಲೇ ಬ್ಲೌಸ್ ಪೀಸ್ ಕೊಟ್ಟಿದ್ದ ಒಬ್ಬರು ಹಿಂದಿನ ಸಂಜೆ ಬಂದು ನಿಂತರು. "ಅಕ್ಕಾ, ಆತಾ?" "ಹುಕ್ಕು ಹಾಕೋದೊಂದು ಬಾಕಿ, ಬೆಳಿಗ್ಗೆ ಬರ್ರಿ" ಅಂದೆ. ಶುದ್ಧ ಸುಳ್ಳು. ಆ ಬಟ್ಟೆಗೆ ಕತ್ತರಿಯೇ ತಾಗಿರಲಿಲ್ಲ. ಎಲ್ಲಿದೆ ಅನ್ನುವುದೂ ಗೊತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಬಟ್ಟೆ ಸಿಕ್ಕಿತು, ಅಳತೆ ಬ್ಲೌಸ್ ಸಿಗಲಿಲ್ಲ. ಅಂದಾಜಿನಲ್ಲಿ ಹೊಲಿದೆ. ತೋಳು ಬಿಗಿಯಾಯಿತು. ಅವರು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ.

"ಹುಡುಕೋದ್ರಾಗೇ ಹೊತ್ತು ಹೋದ್ರೆ ಹೊಲಿಯೋದು ಯಾವಾಗವ್ವಾ?" ಅಂದರು ಅತ್ತೆ.

ಜಾತ್ರೆ ಮುಗಿದ ಮೇಲೆ ಮೂರು ದಿನ ಅಂಗಡಿ ಮುಚ್ಚಿ ಕ್ಲೀನ್ ಮಾಡಿದೆ. ದಾರದ ರೀಲುಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ. ಹೊಸ ಡಬ್ಬಿ ತಂದೆ. ಫೋಟೊ ತೆಗೆದು ತಂಗಿಗೆ ಕಳಿಸಿದೆ. ಆ ಮೂರು ದಿನ ಒಂದೇ ಒಂದು ಬ್ಲೌಸ್ ಹೊಲಿಯಲಿಲ್ಲ. ಒಂದೂವರೆ ತಿಂಗಳಿಗೆ ಗುಡ್ಡೆ ಮತ್ತೆ ಹಾಜರ್. ಈಗ ನೋಡಿದರೆ ಆ ಕ್ಲೀನಿಂಗೂ ಕೆಲಸ ತಪ್ಪಿಸಿಕೊಳ್ಳುವ ಒಂದು ಉಪಾಯವೇ ಅನ್ನಿಸುತ್ತದೆ.

ಎರಡನೇ ಸಲ ಜೋಡಿಸಲು ಹೋಗಲಿಲ್ಲ. ಒಂದೊಂದೇ ಚೀಲ ಬಿಚ್ಚಿ, ಇದು ಯಾಕೆ ನಿಂತಿದೆ ಅಂತ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದೆ. 31 ಚೀಲ. "ಟೈಮ್ ಇಲ್ಲ" ಅನ್ನುವ ಕಾರಣ ಇದ್ದದ್ದು ನಾಲ್ಕಕ್ಕೆ ಮಾತ್ರ! ಉಳಿದವೆಲ್ಲ ಒಂದೊಂದು ಸಣ್ಣ ಕೊರತೆಗೆ ನಿಂತಿದ್ದವು. ಮ್ಯಾಚಿಂಗ್ ದಾರ ಇಲ್ಲ. ಲೈನಿಂಗ್ ತಂದಿಲ್ಲ. ಬೆನ್ನಿನ ಕಡೆ ಕೊರಳು ಎಷ್ಟು ಆಳ ಅಂತ ಕೇಳಿಲ್ಲ. ಉದ್ದ ತೋಳಿಗೆ ಬಟ್ಟೆ ಸಾಲುವುದಿಲ್ಲ, ಹೇಳಲು ಸಂಕೋಚ. (ದಾರ ತರಲು ಪೇಟೆಗೆ ಹೋಗಿ, ಮಿರ್ಚಿ ಮಂಡಕ್ಕಿ ತಿಂದು, ದಾರ ಮರೆತು ಬಂದದ್ದೂ ಉಂಟು.)

ತೀರಾ ತಳದಲ್ಲಿ ಒಂದು ನೇರಳೆ ರೇಷ್ಮೆ ಬ್ಲೌಸು. ಎರಡೂ ತೋಳನ್ನು ಎಡಗೈಗೇ ಕತ್ತರಿಸಿಬಿಟ್ಟಿದ್ದೆ. ಏಳು ತಿಂಗಳಾಗಿತ್ತು. ಕಣ್ಣಿಗೆ ಬಿದ್ದಾಗೆಲ್ಲ ಎದೆ ಧಸಕ್ಕೆನ್ನುತ್ತಿತ್ತು, ಕೂಡಲೇ ಅದರ ಮೇಲೆ ಇನ್ನೊಂದು ಚೀಲ ಇಡುತ್ತಿದ್ದೆ. ಗುಡ್ಡೆ ಬೆಳೆದದ್ದು ಹೀಗೆ.

ಮಗಳು ಬಿಎನಲ್ಲಿ ಸೈಕಾಲಜಿ ತೆಗೆದುಕೊಂಡಿದ್ದಾಳೆ. ಇದನ್ನು ಕೇಳಿ ನಕ್ಕು, ಫುಷಿಯಾ ಸಿರೋಯ್ ಮತ್ತು ಟಿಮೊತಿ ಪಿಚಿಲ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದದ್ದನ್ನು ಹೇಳಿದಳು. ಕೆಲಸ ಮುಂದೂಡುವವರು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಆ ಕೆಲಸ ತರುವ ಭಯ, ಬೇಸರದಿಂದ. ಸದ್ಯಕ್ಕೆ ಮನಸ್ಸು ಹಗುರಾದರೆ ಸಾಕು ಅಂತ. ನನ್ನನ್ನು ನೋಡಿಯೇ ಬರೆದ ಹಾಗಿತ್ತು.

ನೇರಳೆ ಬ್ಲೌಸಿನವರಿಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು. "ಇಷ್ಟಕ್ಕೆ ಏಳು ತಿಂಗಳು ಓಡಾಡಿಸಿದ್ರಾ?" ಅಂತ ಚೆನ್ನಾಗಿ ಬೈದರು. ಆಮೇಲೆ ಸೀರೆ ತಂದುಕೊಟ್ಟರು. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಲ್ಲಿ ಒಂದಡಿ ಬಟ್ಟೆ ತೆಗೆದೆ. ಅಂಚೂ ಸಿಕ್ಕಿತು, ಬಲಗೈ ತೋಳೂ ಆಯಿತು. ಒಟ್ಟು ಮುಕ್ಕಾಲು ಗಂಟೆಯ ಕೆಲಸ.

ಈಗ ಬಟ್ಟೆ ತೆಗೆದುಕೊಳ್ಳುವಾಗಲೇ ಐದು ನಿಮಿಷ ಜಾಸ್ತಿ ನಿಲ್ಲಿಸಿಕೊಳ್ಳುತ್ತೇನೆ. ಅವರೆದುರೇ ಬಟ್ಟೆ ಅಳೆಯುತ್ತೇನೆ. ಸಾಲದಿದ್ದರೆ ಅಲ್ಲೇ ಹೇಳುತ್ತೇನೆ. ಕೊರಳಿನ ಆಳ, ತೋಳಿನ ಉದ್ದ ಚೀಟಿಯಲ್ಲಿ ಬರೆದು, ಅಳತೆ ಬ್ಲೌಸು, ದಾರ, ಹುಕ್ಕು ಎಲ್ಲ ಅದೇ ಚೀಲಕ್ಕೆ. ಕಾಟನ್ ಲೈನಿಂಗ್ ಮಾತ್ರ ಆವತ್ತೇ ರಾತ್ರಿ ನೀರಿಗೆ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ ಮೇಲಿನ ಬಟ್ಟೆಯನ್ನು ಎಳೆಯುತ್ತದೆ, ಇದು ಎಲ್ಲ ಟೈಲರಿಗೂ ಗೊತ್ತು. ನನಗೆ ಸಿಕ್ಕ ಲಾಭ ಬೇರೆ. ಒದ್ದೆ ಬಟ್ಟೆ ಕಾಯುವುದಿಲ್ಲ ನೋಡಿ. ಬೆಳಿಗ್ಗೆ ಒಣಗಿಸಲೇಬೇಕು, ಇಸ್ತ್ರಿ ಹಾಕಲೇಬೇಕು. ಇಸ್ತ್ರಿಯಾದ ಲೈನಿಂಗ್ ಟೇಬಲ್ ಮೇಲೆ ಹರಡಿದ್ದರೆ ಕತ್ತರಿ ಸುಮ್ನೆ ಕೈಗೆ ಬರುತ್ತದೆ.

ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವ ತಮ್ಮ ಜಪಾನಿನ 'ಫೈವ್ ಎಸ್' ಪಾಠ ಹೇಳಿದ, ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಐದು ಹೆಜ್ಜೆಗಳು. ಐದರಲ್ಲಿ ನನಗೆ ದಕ್ಕಿದ್ದು ಮೊದಲನೆಯದು, ಸೈರಿ. ಬೇಡದ್ದನ್ನು ಮೊದಲು ಬೇರೆ ಮಾಡು ಅಂತ. ಗೇಣಿಗಿಂತ ಚಿಕ್ಕ ತುಂಡುಗಳನ್ನು ವಾರಕ್ಕೊಮ್ಮೆ ಕಳಿಸಿಬಿಡುತ್ತೇನೆ. ಲೇಸಿನ ಚೂರುಗಳ ಡಬ್ಬಿಗೆ ಮಾತ್ರ ಕೈ ಹಾಕಿಲ್ಲ, ಹಾಕುವುದೂ ಇಲ್ಲ.

ಗೋಡೆಗೆ 12 ಮೊಳೆ ಹೊಡೆಸಿದ್ದೇನೆ. ಮೊಳೆಗೊಂದು ಚೀಲ. ಹದಿಮೂರನೆಯವರು ಬಂದರೆ ಮುಂದಿನ ವಾರ. ಬೇಸರ ಮಾಡಿಕೊಂಡು ಹೋದವರೂ ಇದ್ದಾರೆ, ಏನು ಮಾಡುವುದು.

ಹನ್ನೊಂದನೇ ಮೊಳೆಯಲ್ಲಿ ಒಂದು ನೆಟ್ ಬ್ಲೌಸು ಮೂರು ದಿನದಿಂದ ತೂಗುತ್ತಿದೆ. ತೋಳಿಗೆ ಲೈನಿಂಗ್ ಬೇಕೋ ಬೇಡವೋ ಕೇಳಲು ಮರೆತಿದ್ದೆ. ಇದನ್ನು ಬರೆದು ಮುಗಿಸಿ ಅವರಿಗೆ ಫೋನ್ ಮಾಡಬೇಕು.