ನಿದ್ದೆಯಲ್ಲೂ ಇಳಿಯದ ನಾಡಿ

ಕುಮಟಾದಲ್ಲಿ ಬೆವರನ್ನು ರೋಗಲಕ್ಷಣವೆಂದು ಹಿಡಿಯುವುದು ಕಷ್ಟ. ಏಪ್ರಿಲ್ ಬಂತೆಂದರೆ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲಿರುವವರೆಲ್ಲ ತೊಯ್ದಿರುತ್ತಾರೆ, ನಾನೂ ಸೇರಿ. ಎದೆ ಡವಗುಟ್ಟುತ್ತಿದ್ದರೂ ‘ಉಷ್ಣ ಆಗಿದೆ’ ಎಂದು ಮುರುಗಲು ಪಾನಕ, ಎಳನೀರು ಎಲ್ಲ ಮುಗಿಸಿಯೇ ಜನ ಇಲ್ಲಿಗೆ ಬರುವುದು. ಥೈರಾಯ್ಡ್ ಹಾರ್ಮೋನು ಅತಿಯಾದವರಿಗೆ ಸೆಕೆ ತಡೆಯದು ಎಂಬ ಪಠ್ಯಪುಸ್ತಕದ ಸುಳಿವು ಘಟ್ಟದ ಮೇಲೆ ಶಿರಸಿಯಲ್ಲಿ ಕೆಲಸಕ್ಕೆ ಬಂದೀತು, ಇಲ್ಲಿ ಬಾರದು.

ಹಾಗಾಗಿ ಅಂಗೈ ಮುಟ್ಟಿ ನೋಡುತ್ತೇನೆ. ಗಾಬರಿಯಿಂದ ಬೆವರಿದ ಕೈ ಸಾಮಾನ್ಯವಾಗಿ ತಣ್ಣಗಿರುತ್ತದೆ. ಥೈರಾಯ್ಡಿನದು ಬೆಚ್ಚಗೆ ಒದ್ದೆಯಾಗಿರುತ್ತದೆ. ಚಾಚಿದ ಬೆರಳುಗಳ ಮೇಲೆ ಹಾಳೆಯೊಂದನ್ನು ಇಟ್ಟರೆ ಅಂಚು ಸಣ್ಣಗೆ ಅದುರುತ್ತದೆ. ಇನ್ನೂ ಅನುಮಾನವಿದ್ದರೆ ಮನೆಯವರಿಗೆ ನಾಡಿ ಹಿಡಿಯಲು ಕಲಿಸಿ, ರೋಗಿ ಗಾಢ ನಿದ್ದೆಯಲ್ಲಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿ ಬರೆದು ತನ್ನಿ ಎನ್ನುತ್ತೇನೆ. ಮನಸ್ಸಿನ ಗಾಬರಿಯ ನಾಡಿ ನಿದ್ದೆಯಲ್ಲಿ ಇಳಿಯುತ್ತದೆ, ಥೈರಾಯ್ಡಿನದು ಓಡುತ್ತಲೇ ಇರುತ್ತದೆ.

ತದಡಿ ಕಡೆಯ, ಮೀನು ಮಾರುವ ಅಜ್ಜಿಯೊಬ್ಬರಿಗೆ ಸೊಸೆ ಹೀಗೆ ಎಣಿಸಿದ್ದರು. ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ 118 ಎಂದು ಬರೆದು, ಪಕ್ಕದಲ್ಲಿ ‘ತಪ್ಪಿ ತಪ್ಪಿ ಬಡಿಯುತ್ತದೆ, ಲೆಕ್ಕ ಸರಿಯಿಲ್ಲದಿರಬಹುದು’ ಎಂದು ಸೇರಿಸಿದ್ದರು. ನನಗೆ ಬೇಕಾಗಿದ್ದುದೇ ಆ ಸಾಲು. ಅಜ್ಜಿಗೆ ಕಣ್ಣು ಉಬ್ಬಿರಲಿಲ್ಲ, ಕೊರಳಿನಲ್ಲಿ ಗಡ್ಡೆಯಿರಲಿಲ್ಲ. ಸೊರಗಿದ್ದರು, ಕಾಲು ಊದಿತ್ತು. ‘ವಯಸ್ಸಾಯಿತಲ್ಲ ಡಾಕ್ಟರೇ’ ಎಂದರು ಮಗ. ವಯಸ್ಸಾದವರಲ್ಲಿ ಈ ಕಾಯಿಲೆ ಬೇರೆ ಗದ್ದಲವಿಲ್ಲದೆ ಹೃದಯಕ್ಕೇ ಕೈ ಹಾಕುವುದುಂಟು. ಇಸಿಜಿಯಲ್ಲಿ ಹೃತ್ಕರ್ಣದ ಕಂಪನ, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು, ಕಂಡಿತು; ಟಿಎಸ್‌ಎಚ್ (ಥೈರಾಯ್ಡನ್ನು ದುಡಿಸುವ, ಥೈರಾಯ್ಡ್ ಅತಿಯಾದಾಗ ತಾನೇ ತಗ್ಗುವ ಹಾರ್ಮೋನು) ಹೆಚ್ಚುಕಡಿಮೆ ಸೊನ್ನೆಯಾಗಿತ್ತು.

ಥೈರಾಯ್ಡಿನ ಟಿ3 ಹಾರ್ಮೋನು ಹೃದಯದ ಸ್ನಾಯುಕೋಶದ ಬೀಜಕೇಂದ್ರದಲ್ಲಿ ಕುಳಿತು, ಅಲ್ಲಿ ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದನ್ನೇ ಬದಲಿಸುತ್ತದೆ. ಕ್ಯಾಲ್ಸಿಯಂ ಅನ್ನು ಹಿಂದಕ್ಕೆಳೆಯುವ ಪಂಪುಗಳು ಹೆಚ್ಚಿ, ಸ್ನಾಯು ಬಿರುಸಾಗಿ ಕುಗ್ಗಿ ಬೇಗನೆ ಸಡಿಲಗೊಳ್ಳುತ್ತದೆ. ಅತ್ತ ರಕ್ತನಾಳಗಳು ಹಿಗ್ಗುತ್ತವೆ, ಮೂತ್ರಪಿಂಡ ಉಪ್ಪು-ನೀರು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಏರುತ್ತದೆ. ರಕ್ತದೊತ್ತಡ 150/60 ಎಂಬಂತೆ ಮೇಲಿನದು ಹೆಚ್ಚು, ಕೆಳಗಿನದು ಕಡಿಮೆ. ಆರಂಭದಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಹೃದಯ ಮಾಮೂಲಿಗಿಂತ ಚೆನ್ನಾಗಿಯೇ ಪಂಪ್ ಮಾಡುತ್ತಿರುತ್ತದೆ. ಆದರೂ ಮೆಟ್ಟಿಲೇರಿದರೆ ಏದುಸಿರು. ಕೂತಲ್ಲೇ ಅಷ್ಟು ದುಡಿಯುವ ಹೃದಯಕ್ಕೆ ಹೆಚ್ಚಿನ ಕೆಲಸಕ್ಕೆ ಕಸುವು ಉಳಿದಿರುವುದಿಲ್ಲ. ತಿಂಗಳುಗಟ್ಟಲೆ ಇದೇ ವೇಗದಲ್ಲಿ ಓಡಿದರೆ ಸ್ನಾಯು ಸೋತು ಹಿಗ್ಗುತ್ತದೆ. ಸಕಾಲದಲ್ಲಿ ಥೈರಾಯ್ಡ್ ಹದಕ್ಕೆ ತಂದರೆ ಈ ಸೋಲು ಬಹುಮಟ್ಟಿಗೆ ನೀಗುತ್ತದೆ. ಹೃದಯದ ಕಾಯಿಲೆಗಳಲ್ಲಿ ಇಷ್ಟು ಔದಾರ್ಯ ಅಪರೂಪ.

ಆಸ್ತಮಾ ಇಲ್ಲದವರಿಗೆ ಪ್ರೊಪ್ರನೊಲಾಲ್, ಜೊತೆಗೆ ಕಾರ್ಬಿಮಜೋಲ್ ಕೊಡುತ್ತೇನೆ. ಈ ಅಜ್ಜಿಯಂತೆ ಕಾಲೂದಿದವರಿಗೆ ಮೊದಲನೆಯದನ್ನು ಅತಿ ಕಡಿಮೆ ಪ್ರಮಾಣದಲ್ಲಿ, ನೀರಿಳಿಸುವ ಮಾತ್ರೆಯೊಂದಿಗೆ. ಪ್ರೊಪ್ರನೊಲಾಲ್ ಬೇಗನೆ ನಾಡಿಯನ್ನು ತಗ್ಗಿಸುತ್ತದೆ. ಕಾರ್ಬಿಮಜೋಲ್ ಹೊಸ ಹಾರ್ಮೋನು ತಯಾರಾಗುವುದನ್ನಷ್ಟೇ ತಡೆಯುತ್ತದೆ. ಗ್ರಂಥಿಯಲ್ಲಿ ದಾಸ್ತಾನಿರುವುದು ಕರಗಲು ವಾರಗಳೇ ಬೇಕು. ಇದನ್ನು ಮೊದಲೇ ಹೇಳದಿದ್ದರೆ ಹದಿನೈದು ದಿನದೊಳಗೆ ರೋಗಿ ಬೇರೆ ಡಾಕ್ಟರರ ಬಾಗಿಲಲ್ಲಿರುತ್ತಾರೆ. ಜ್ವರ, ಗಂಟಲುನೋವು ಬಂದರೆ ಕಾರ್ಬಿಮಜೋಲ್ ನಿಲ್ಲಿಸಿ ಅಂದೇ ಬಿಳಿರಕ್ತಕಣ ಎಣಿಸಬೇಕು ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡುತ್ತೇನೆ.

ನಗರದ ಆಸ್ಪತ್ರೆಗಳಿಂದ ಬಂದವರ ಮಾತ್ರೆಯ ಚೀಲವನ್ನೂ ಸುರುವಿಸಿ ನೋಡುತ್ತೇನೆ. ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್‌ನ 200 ಮಿಲಿಗ್ರಾಂ ಮಾತ್ರೆಯೊಂದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ದೇಹಕ್ಕೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಥೈರಾಯ್ಡ್ ಕೆಡಲು ಅದೇ ಕಾರಣವಾಗಿರಬಹುದು.

ಅಜ್ಜಿಯ ನಾಡಿ ಮಳೆಗಾಲ ಮುಗಿಯುವ ಹೊತ್ತಿಗೆ ಲಯಕ್ಕೆ ಬಂತು. ಥೈರಾಯ್ಡಿನ ಇನ್ನೊಂದು ಹಾರ್ಮೋನಾದ ಟಿ4 ಸರಿಹೋದ ಮೇಲೂ ಟಿಎಸ್‌ಎಚ್ ಕೆಲವು ತಿಂಗಳು ತಳದಲ್ಲೇ ಉಳಿಯುತ್ತದೆ. ಅದನ್ನಷ್ಟೇ ನೋಡಿ ಮಾತ್ರೆ ಏರಿಸುವುದಿಲ್ಲ. ಮೀನು ಬಿಡಬೇಕೇ ಎಂದು ಅಜ್ಜಿ ಪ್ರತಿ ಸಲ ಕೇಳುತ್ತಾರೆ. ಬೇಡ ಎಂದಿದ್ದೇನೆ, ಸೊಸೆಗೆ ನಂಬಿಕೆಯಿಲ್ಲ.