ಊಟ ಮಾಡಿ ಬರಲಿಲ್ಲ: ನಿಷೇಧ ಮತ್ತು ದನಿಯ ಏರಿಳಿತ, ನನ್ನ ಅನುಭವ

‘ಅವಳು ಊಟ ಮಾಡಿ ಬರಲಿಲ್ಲ’ ಎಂಬ ವಾಕ್ಯವನ್ನು ಬರೆದಿಟ್ಟರೆ ಎರಡು ಅರ್ಥ ಹೊರಡುತ್ತವೆ. ಊಟವಾಯಿತು, ಆದರೆ ಅವಳು ಬರಲಿಲ್ಲ ಎಂಬುದು ಒಂದು; ಬಂದಳು, ಆದರೆ ಊಟ ಮಾಡದೆಯೇ ಬಂದಳು ಎಂಬುದು ಇನ್ನೊಂದು. ಮಾತಿನಲ್ಲಿ ಈ ಗೊಂದಲ ಅಷ್ಟಾಗಿ ಕಾಣದು. ಅದಕ್ಕೆ ಕಾರಣವನ್ನು ಹುಡುಕಿ ಬೆಂಗಳೂರಿನಲ್ಲಿ ಪರಿಚಯದ ಕನ್ನಡಿಗರ ಮಾತನ್ನು ಧ್ವನಿಮುದ್ರಿಸಿಕೊಂಡು ಅಳೆಯತೊಡಗಿದೆ.

ವಾಕ್ಯವನ್ನು ಸುಮ್ಮನೆ ಓದಲು ಕೊಟ್ಟರೆ ಎಲ್ಲರೂ ಪಾಠ ಒಪ್ಪಿಸುವ ಒಂದೇ ರಾಗದಲ್ಲಿ ಓದುತ್ತಾರೆ. ಆದ್ದರಿಂದ ಮೊದಲು ಒಂದು ಸನ್ನಿವೇಶವನ್ನು ಹೇಳಿ, ಈ ವಾಕ್ಯವೇ ಉತ್ತರವಾಗುವಂತಹ ಪ್ರಶ್ನೆಯನ್ನು ಕೇಳುತ್ತಿದ್ದೆ. ಇನ್ನೊಂದು ಅರ್ಥದ ಸನ್ನಿವೇಶವನ್ನು ಬೇರೊಂದು ದಿನಕ್ಕೆ ಉಳಿಸಿಕೊಳ್ಳುತ್ತಿದ್ದೆ, ಏಕೆಂದರೆ ಇಮ್ಮಡಿ ಅರ್ಥವನ್ನು ಅರಿತವರು ವ್ಯತ್ಯಾಸವನ್ನು ಬೇಕೆಂದೇ ಎತ್ತಿ ತೋರಿಸುತ್ತಾರೆ. ವಾಹನಗಳ ಸದ್ದು ಏಳುವ ಮುನ್ನ, ಬೆಳಗಿನ ಜಾವ, ಫ್ಯಾನ್ ಆರಿಸಿ ಮುದ್ರಿಸಿದೆ. ಅಳತೆಗೆ ಆಮ್‌ಸ್ಟರ್‌ಡ್ಯಾಮ್‌ನ ಬೂರ್ಸ್ಮಾ ಮತ್ತು ವೇನಿಂಕ್ ರೂಪಿಸಿದ, ದನಿಯನ್ನು ವಿಶ್ಲೇಷಿಸುವ ‘ಪ್ರಾಟ್’ ಎಂಬ ಉಚಿತ ತಂತ್ರಾಂಶ ಸಾಕು. ಗಂಡು ದನಿಗೆ 75ರಿಂದ 300, ಹೆಣ್ಣು ದನಿಗೆ 100ರಿಂದ 500 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ) ಮಿತಿಯಿಟ್ಟು, ಹೋಲಿಕೆಯನ್ನು ಸೆಮಿಟೋನ್‌ಗಳಲ್ಲಿ, ಅಂದರೆ ಸಂಗೀತದ ಅರ್ಧ ಸ್ವರದ ಅಂತರಗಳಲ್ಲಿ, ಮಾಡಿದೆ.

ಮೊದಲ ಅರ್ಥದಲ್ಲಿ ‘ಮಾಡಿ’ಯ ಕೊನೆಯ ಸ್ವರ ಹಿಗ್ಗಿ, ದನಿ ತುಸು ಏರಿ, ಸಣ್ಣ ಬಿಡುವು ಬರುತ್ತಿತ್ತು, ಅನಂತರ ‘ಬರಲಿಲ್ಲ’ಕ್ಕೆ ತನ್ನದೇ ಆದ ಏರು ಸಿಗುತ್ತಿತ್ತು. ಎರಡನೆಯದರಲ್ಲಿ ಬಿಡುವೇ ಇಲ್ಲ: ದನಿ ‘ಊಟ’ದಲ್ಲಿ ಮೇಲಕ್ಕೇರಿ ಅಲ್ಲಿಂದ ಇಳಿಯುತ್ತಿತ್ತು, ‘ಬರಲಿಲ್ಲ’ ತಗ್ಗಿನಲ್ಲೇ ಮುಗಿಯುತ್ತಿತ್ತು. ಹೀಗೆ ಎರಡನೆಯ ಅರ್ಥದಲ್ಲಿ ನಿಷೇಧವನ್ನು, ಅಂದರೆ ‘ಇಲ್ಲ’ ಎಂಬುದನ್ನು, ಹೊತ್ತ ಪದವೇ ಎಲ್ಲಕ್ಕಿಂತ ತಗ್ಗಿದ ದನಿಯಲ್ಲಿ ಬರುವುದು ನನಗೆ ಇಲ್ಲಿನ ಬಹುಮುಖ್ಯ ಸಂಗತಿಯಾಗಿ ಕಂಡಿತು. ಆ ನಿಷೇಧ ವಾಕ್ಯದಲ್ಲಿ ಎಲ್ಲಿಯವರೆಗೆ ಚಾಚುತ್ತದೆ, ಬರುವುದನ್ನು ಅಲ್ಲಗಳೆಯುತ್ತದೆಯೋ ಊಟವನ್ನೋ ಎಂಬುದನ್ನಷ್ಟೇ ದನಿ ತಿಳಿಸುತ್ತದೆ.

ದನಿಯ ಈ ಕೆಲಸ ಬೇರೆ ಭಾಷೆಗಳಲ್ಲೂ ಉಂಟು, ಆದರೆ ಬಗೆ ಬೇರೆ. ಸ್ಪೇನಿನ ಕೆಟಲಾನ್ ಭಾಷೆಯಲ್ಲಿ ‘ಯಾರು ಬರಲಿಲ್ಲ?’ ಎಂಬಂಥ ನಿಷೇಧದ ಪ್ರಶ್ನೆಗೆ ‘ಯಾರೂ ಇಲ್ಲ’ ಎಂಬರ್ಥದ ‘ನಿಂಗು’ ಎಂಬ ಒಂದೇ ಪದವನ್ನು ವಿಶೇಷ ಏರಿಳಿತದಲ್ಲಿ ಹೇಳಿದರೆ ಅರ್ಥ ತಿರುಗಿ ‘ಎಲ್ಲರೂ’ ಎಂದಾಗುತ್ತದೆಂದು ಭಾಷಾವಿಜ್ಞಾನಿಗಳಾದ ಎಸ್ಪಿನಾಲ್ ಮತ್ತು ಪ್ರಿಯೆಟೊ 2011ರಲ್ಲಿ ತೋರಿಸಿದರು. ಇಂಗ್ಲಿಷಿನಲ್ಲಿ ‘ಎಲ್ಲರೂ ಹೋಗಲಿಲ್ಲ’ ಎಂಬಂಥ ವಾಕ್ಯದ ಕೊನೆಗೆ ದನಿ ಇಳಿದು ಮತ್ತೆ ಏರಿದರೆ ‘ಕೆಲವರಷ್ಟೇ ಹೋದರು’ ಎಂಬ ಅರ್ಥ ಬರುವುದನ್ನು ಭಾಷಾವಿಜ್ಞಾನಿ ಜಾಕೆಂಡಾಫ್ 1972ರಲ್ಲೇ ಗುರುತಿಸಿದ್ದರು.

ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿದಾಗ ನನ್ನ ಮಾತುಗಾರರಲ್ಲಿ ಹಲವರು ದನಿಯನ್ನು ನೆಚ್ಚಲೇ ಇಲ್ಲ. ‘ಎಲ್ಲರೇನೂ ಹೋಗಲಿಲ್ಲ’ ಎಂದು ನಡುವೆ ಒಂದು ‘ಏನೂ’ ಸೇರಿಸಿ, ದನಿಯನ್ನು ಎಂದಿನಂತೆ ಇಳಿಸಿಯೇ ಮುಗಿಸಿದರು.